ಕಲಬುರಗಿಯಾಗ 30×50 ಮನಿ: ಧಗಿ ಕಡಿಮಿ ಆಗ್ಬೇಕಂದ್ರ ರೊಕ್ಕ ಗೋಡಿಗಿ ಹಾಕೂದೋ ಛತ್ತಿಗಿ ಹಾಕೂದೋ? ಎನರ್ಜಿ ಕೋಡ್ ನಮಗ ಲಾಗೂ ಆಗ್ತದೇನು?

ಬಿಸಿಲೂರ ಮನಿ:

ಎಲ್ಲಾರಿಗೂ ನಮಸ್ಕಾರ್ರಿ. ಕಲಬುರಗಿ ರಿಂಗ್ ರೋಡಿನ ಹೊರಗ 30×50 ಸೈಟ್ ಅದ, ರೋಡ್ ಪಶ್ಚಿಮಕ್ಕ ಬರ್ತದ. ಗ್ರೌಂಡ್ ಫ್ಲೋರ್ ಮತ್ತ ಫಸ್ಟ್ ಫ್ಲೋರ್ ಕಟ್ಟಬೇಕಂತ ಮಾಡೀವಿ, ದೀಪಾವಳಿ ಆದ್ಮ್ಯಾಲ ಪಾಯಾ ತೋಡಸೂದದ.

ಈಗ ಬಾಡಿಗಿ ಇರೂ ಮನಿ ಮ್ಯಾಲಿನ ಮಜಲಿನಾಗದ. ಏಪ್ರಿಲ್ ಮೇದಾಗ ಹೊರಗ 42-43 ಡಿಗ್ರಿ, ಅದು ನಮಗ ರೂಢಿ ಅದ ಬಿಡ್ರಿ, ಆದ್ರ ರಾತ್ರಿ ಹನ್ನೊಂದಾದ್ರೂ ಪಶ್ಚಿಮದ ಗೋಡಿ ಮುಟ್ಟಿದ್ರ ಬೆಚ್ಚಗ ಇರ್ತದ, ಫ್ಯಾನ್ ಹಚ್ಚಿದ್ರ ಛತ್ತಿನ ಝಳಾನೇ ಕೆಳಗ ತಂದು ಮೈಮ್ಯಾಲ ಹಾಕ್ತದ, ಹೊರಗ ಗಾಳಿ ತಂಪಾಗಿರ್ತದ ಒಳಗ ಇರಲ್ಲ. ಅಪ್ಪ ಅವ್ವ ಇಬ್ಬರಿಗೂ ವಯಸ್ಸಾಗ್ಯದ, ಅವ್ವಗ ಬಿಪಿ ಅದ, ಹೊಸ ಮನ್ಯಾಗರೆ ಅವರು ನೆಮ್ಮದಿಲೆ ಮಲಗಬೇಕು ಅನ್ನೂದೇ ನನ್ನ ದೊಡ್ಡ ಚಿಂತಿ. ಚಿತ್ತಾಪುರ ಕಡಿ ನಮ್ಮ ಹಳಿ ಮನಿ ಕಲ್ಲಿನ ಗೋಡಿ, ಮಣ್ಣಿನ ಮಾಳಗಿ, ಅಲ್ಲಿ ನಡು ಮಧ್ಯಾಹ್ನದಾಗೂ ಇಷ್ಟು ತ್ರಾಸ ಆಗಲ್ಲ.

ನಮ್ಮ ಇಂಜಿನಿಯರ್ 6 ಇಂಚ್ ಸಾಲಿಡ್ ಬ್ಲಾಕ್ ಹಾಕ್ರಿ, ಬೆಂಗಳೂರಾಗ ಎಲ್ಲಾರೂ ಇದೇ ಹಾಕ್ತಾರ ಅಂತಾನ. ಕಾಕಾನ ಮಗ ಎಎಸಿ ಬ್ಲಾಕ್ (ಒಳಗ ಗಾಳಿ ಗುಳ್ಳಿ ಇರೂ ಹಗುರ ಸಿಮೆಂಟ್ ಬ್ಲಾಕ್) ಹಾಕು ಅಂತಾನ. ಇನ್ನೊಬ್ಬರು ಈಗ ಎನರ್ಜಿ ಕೋಡ್ ಬಂದದ, ಇಕೋ ನಿವಾಸ್ ಸಂಹಿತಾ ಅಂತದ, ಅದರ ಪ್ರಕಾರಾನೇ ಕಟ್ಟಬೇಕು ಅಂದ್ರು. ನಮ್ಮಂಥ ಸಣ್ಣ ಮನಿಗಿ ಅದು ಲಾಗೂ ಆಗ್ತದೇನ್ರಿ? ಬಜೆಟ್ ಎರಡಕ್ಕೂ ಪೂರಾ ಸಾಲಲ್ಲ, ಗೋಡಿಗಿ ಹಾಕೂದೋ ಛತ್ತಿಗಿ ಹಾಕೂದೋ ತಿಳಿದವರು ಹೇಳ್ರಿ.

ಪ್ಲಾನ್ ಮತ್ತು ಸೆಕ್ಷನ್ (ಬೆಂಗಳೂರು):

ಕಾನೂನಿನ ವಿಷಯ ಮೊದ್ಲು ಹೇಳ್ಬಿಡ್ತೀನಿ ಸರ್. ಕೋಡ್ ಎರಡಿವೆ. ಇಸಿಬಿಸಿ, ಅಂದ್ರೆ ಎನರ್ಜಿ ಕನ್ಸರ್ವೇಶನ್ ಬಿಲ್ಡಿಂಗ್ ಕೋಡ್ ಅಂತ 2007ರಲ್ಲಿ ಬಂದಿದ್ದು, 2017ರಲ್ಲಿ ಪರಿಷ್ಕಾರ ಆಯ್ತು, ಅದು ಆಫೀಸು, ಆಸ್ಪತ್ರೆ, ಮಾಲ್ ಥರದ ಕಟ್ಟಡಗಳಿಗೆ, ಅದೂ ಕನೆಕ್ಟೆಡ್ ಲೋಡ್ 100 ಕಿಲೋವ್ಯಾಟ್ ಅಥವಾ ಕಾಂಟ್ರಾಕ್ಟ್ ಡಿಮಾಂಡ್ 120 ಕೆವಿಎ ದಾಟಿದ್ರೆ. ಮನೆಗಳಿಗೆ ಅಂತ ಕೇಂದ್ರ ಸರ್ಕಾರದ ಬಿಇಇಯವರು (ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ) 2018ರ ಡಿಸೆಂಬರ್‌ನಲ್ಲಿ ತಂದಿದ್ದು ಇಕೋ ನಿವಾಸ್ ಸಂಹಿತಾ. ಆ 2018ರ ಆವೃತ್ತಿಯಲ್ಲಿ ಪ್ಲಾಟ್ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ರೆ ಮಾತ್ರ ಲಾಗೂ ಅಂತ ಇತ್ತು. ನಿಮ್ಮ 1500 ಚದರ ಅಡಿ ಅಂದ್ರೆ ಸುಮಾರು 140 ಚದರ ಮೀಟರ್, ಹತ್ತಿರಾನೂ ಬರಲ್ಲ. ಇಂಧನ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ದೊಡ್ಡ ವಸತಿ ಕಟ್ಟಡಗಳನ್ನೂ ಸೇರಿಸಿದ್ರು, ಅದೂ ಅಪಾರ್ಟ್‌ಮೆಂಟ್ ಮಟ್ಟದ್ದು. ಹಾಗಾಗಿ ಕೋಡ್ ಹೆಸರು ಹೇಳಿ ನಿಮ್ಮ ಪ್ಲಾನ್ ಯಾರೂ ತಡೆಯಲ್ಲ.

ಆದ್ರೆ ಲಾಗೂ ಆಗಲ್ಲ ಅಂತ ಅದನ್ನ ಪಕ್ಕಕ್ಕಿಡಬೇಡಿ ಅನ್ನೋದು ನನ್ನ ಕಳಕಳಿಯ ಮಾತು. ಸಣ್ಣ ಮನೆ ಕಟ್ಟೋರಿಗೆ ಇಷ್ಟು ಸ್ಪಷ್ಟವಾಗಿ ಲೆಕ್ಕ ಹೇಳಿಕೊಡೋ ದಾಖಲೆ ಬೇರೆ ಇಲ್ಲ, ಪುಕ್ಕಟೆ ಸಿಗುತ್ತೆ, ಆದ್ರೂ ಸೈಟಲ್ಲಿ ಯಾರೂ ಓದಿರಲ್ಲ. ಅದರಲ್ಲಿ ಛಾವಣಿಗೆ ಒಂದು ಮಿತಿ ಇದೆ, ಯು ವ್ಯಾಲ್ಯೂ 1.2 ಮೀರಬಾರದು. ಯು ವ್ಯಾಲ್ಯೂ ಅಂದ್ರೆ ಒಳಗೆ ಹೊರಗೆ ಒಂದು ಡಿಗ್ರಿ ವ್ಯತ್ಯಾಸ ಇದ್ರೆ ಒಂದು ಚದರ ಮೀಟರಿನಲ್ಲಿ ಎಷ್ಟು ವ್ಯಾಟ್ ಶಾಖ ದಾಟುತ್ತೆ ಅನ್ನೋದು, ಕಡಿಮೆ ಇದ್ದಷ್ಟೂ ಒಳ್ಳೇದು. ನಾವು ಸಾಮಾನ್ಯವಾಗಿ ಹಾಕೋ 5 ಇಂಚ್ ಆರ್‌ಸಿಸಿ ಸ್ಲ್ಯಾಬ್ ಬರೀ ಪ್ಲಾಸ್ಟರ್ ಜೊತೆ ಲೆಕ್ಕ ಹಾಕಿದ್ರೆ ಸುಮಾರು 3.2 ಬರುತ್ತೆ, ಮಿತಿಯ ಎರಡೂವರೆ ಪಟ್ಟಿಗಿಂತ ಜಾಸ್ತಿ. ಮೇಲೆ 4 ಇಂಚ್ ಬ್ರಿಕ್ ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಗಾರೆ ಸೇರಿಸಿ ಹಾಕೋ ಪದರ) ಹಾಕಿದ್ರೂ 2.3ರ ಹತ್ತಿರ ನಿಲ್ಲುತ್ತೆ. ಅದೇ 25 ಎಂಎಂ ಎಕ್ಸ್‌ಪಿಎಸ್ ಶೀಟ್ (ಶಾಖ ತಡೆಯೋ ಗಟ್ಟಿ ಫೋಮ್ ಹಲಗೆ) ಹಾಕಿದ್ರೆ 0.9, 50 ಎಂಎಂ ಹಾಕಿದ್ರೆ 0.5. ಇಷ್ಟು ದೊಡ್ಡ ಬದಲಾವಣೆ ಇಷ್ಟು ತೆಳು ವಸ್ತುವಿನಿಂದ ಮನೆಯ ಬೇರೆ ಯಾವ ಭಾಗದಲ್ಲೂ ಸಿಗಲ್ಲ, ಅದಕ್ಕೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಮೊದಲ ದುಡ್ಡು ಛಾವಣಿಗೆ.

ಇನ್ನು ಗೋಡೆ ಕಿಟಕಿ. ಇವೆರಡನ್ನೂ ಸೇರಿಸಿ ಕೋಡ್‌ನಲ್ಲಿ ಆರ್‌ಇಟಿವಿ ಅಂತ ಒಂದು ಲೆಕ್ಕ ಇದೆ, ಹೊರಗೋಡೆ ಕಿಟಕಿಗಳಿಂದ ಸರಾಸರಿ ಎಷ್ಟು ಶಾಖ ಒಳಗೆ ಬರುತ್ತೆ ಅನ್ನೋದು, ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಆ ಫಾರ್ಮುಲಾದಲ್ಲಿ ಗೋಡೆಯ ಯು ವ್ಯಾಲ್ಯೂಗೆ ಹವಾಮಾನ ನೋಡಿ ಒಂದು ಗುಣಕ ಕೊಟ್ಟಿದಾರೆ. ಬೆಂಗಳೂರಿನಂಥ ಹದವಾದ ಹವಾಮಾನಕ್ಕೆ 3.38, ನಿಮ್ಮ ಸುತ್ತಿನ ಸೊಲ್ಲಾಪುರದ ಥರದ ಒಣ ಬಿಸಿಲಿನ ಊರುಗಳಿಗೆ 6.06. ಹತ್ತಿರ ಹತ್ತಿರ ಎರಡು ಪಟ್ಟು. ಅಂದ್ರೆ ಅದೇ ಗೋಡೆ ಬೆಂಗಳೂರಲ್ಲಿ ಮಾಡೋ ತೊಂದರೆಗಿಂತ ನಿಮ್ಮೂರಲ್ಲಿ ಸುಮಾರು ದುಪ್ಪಟ್ಟು ತೊಂದರೆ ಮಾಡುತ್ತೆ, "ಬೆಂಗಳೂರಲ್ಲಿ ಎಲ್ಲಾರೂ ಹಾಕ್ತಾರೆ" ಅನ್ನೋ ಮಾತು ಇಲ್ಲಿಗೇ ಮುಗೀತು. ಕಿಟಕಿ ಹೊರಗೋಡೆಯ 15 ಪರ್ಸೆಂಟ್ ಅಂತ ಇಟ್ಕೊಂಡು ಅಂದಾಜು ಲೆಕ್ಕ ಹಾಕಿದೆ. 6 ಇಂಚ್ ಸಾಲಿಡ್ ಬ್ಲಾಕ್ ಗೋಡೆ ಒಂದೇ 16 ಆಗುತ್ತೆ, ಕಿಟಕಿ ಸೇರಿಸೋಕ್ ಮುಂಚೇನೇ ಮಿತಿ ದಾಟಿತು. 9 ಇಂಚ್ ಇಟ್ಟಿಗೆ ಗೋಡೆ 11.5, 8 ಇಂಚ್ ಎಎಸಿ 4. ನೆರಳಿಲ್ಲದ ಸಾದಾ ಗಾಜಿನ ಕಿಟಕಿ ಇನ್ನೊಂದು 10 ಸೇರಿಸುತ್ತೆ, ಅಂದ್ರೆ ಎಎಸಿ ಹಾಕಿದ ಮನೇಲಿ ಗೋಡೆಗಿಂತ ಕಿಟಕಿಯೇ ದೊಡ್ಡ ಕಳ್ಳ. ಅದೇ 6 ಇಂಚ್ ಬ್ಲಾಕ್ ಬೆಂಗಳೂರಲ್ಲಾದ್ರೆ 9ಕ್ಕೆ ನಿಲ್ಲುತ್ತೆ, ಛಜ್ಜಾ ಸರಿಯಾಗಿ ಕೊಟ್ರೆ 15ರ ಆಸುಪಾಸಿಗೆ ಬಂದ್ಬಿಡುತ್ತೆ.

ಶಹಾಬಾದ್ ಫರ್ಶಿ:

ಅಣ್ಣಾರು ಲೆಕ್ಕ ಚೊಲೊ ಹೇಳ್ಯಾರ. ನಾ ಇಲ್ಲೇ ಕಲಬುರಗಿ ಸೇಡಂ ಕಡಿ ಕಾಂಟ್ರಾಕ್ಟ್ ಮಾಡ್ತೀನಿ, ಕೆಲಸದ ಮಾತು ಹೇಳ್ತೀನಿ.

ಇನ್ಸುಲೇಶನ್ ಛತ್ತಿನ ಮ್ಯಾಲೇ ಹಾಕಸ್ರಿ, ಕೆಳಗ ಫಾಲ್ಸ್ ಸೀಲಿಂಗ್ ಒಳಗ ಹಾಕಿ ಕೈ ತೊಳಕೋಬ್ಯಾಡ್ರಿ. ಯಾಕಂದ್ರ ಕೆಳಗ ಹಾಕಿದ್ರ ಸ್ಲ್ಯಾಬ್ ದಿನಾ ಬಿಸಿಲು ಕುಡೀತದ, ರಾತ್ರಿ ಪೂರಾ ಅದನ್ನ ಬಿಡ್ತಿರ್ತದ, ಹಿಗ್ಗೂದು ಕುಗ್ಗೂದು ಆಗಿ ಸೀಳೂ ಬಿಡ್ತದ. ನಮ್ಮೂರಿಗಿ ಮೇ ಎರಡನೇ ವಾರದಾಗ ಮಧ್ಯಾಹ್ನ ಸೂರ್ಯ ನೆಟ್ಟಗ ನೆತ್ತಿ ಮ್ಯಾಲ ಇರ್ತಾನ, ಗೋಡಿಗಿಂತ ಛತ್ತಿಗೇ ಹೊಡ್ತ ಜಾಸ್ತಿ.

ಸ್ಲ್ಯಾಬ್ ಮ್ಯಾಲ ಮೊದ್ಲು ವಾಟರ್‌ಪ್ರೂಫಿಂಗ್, ಅದಾದ್ಮ್ಯಾಲ ಛತ್ತಿನ ತುಂಬ ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗ ಎಲ್ಲ್ಯಾದರೂ ಜಿನುಗ್ತದೇನು ನೋಡ್ಬೇಕು, ಇದನ್ನ ಯಾವ ಕಾರಣಕ್ಕೂ ಬಿಡಬ್ಯಾಡ್ರಿ, ಯಾಕಂದ್ರ ಮ್ಯಾಲ ಶೀಟ್ ಹಾಸಿ ಕಾಂಕ್ರೀಟ್ ಹಾಕಿದ್ಮ್ಯಾಲ ಸೋರೂ ಜಾಗಾ ಹುಡುಕೂದು ಯಾರ ಕೈಲೂ ಆಗಲ್ಲ. ಆಮ್ಯಾಲ ಎಕ್ಸ್‌ಪಿಎಸ್ ಶೀಟ್ ಸಂದಿ ಬಿಡಲಾರದಂಗ ಕೂಡಿಸಿ ಹಾಸೂದು, ಅದರ ಮ್ಯಾಲ ಜಿಯೋಟೆಕ್ಸ್‌ಟೈಲ್ ಬಟ್ಟಿ, ಅದರ ಮ್ಯಾಲ ಜಾಳಿಗಿ ಇಟ್ಟು 2 ಇಂಚ್ ಸ್ಕ್ರೀಡ್ (ತೆಳು ಕಾಂಕ್ರೀಟ್ ಪದರ), ಇಳಿಜಾರು ಅದ್ರಾಗೇ ತಗೀಬೇಕು. ಕಡೀಕ ಬಿಳಿ ಚೈನಾ ಮೊಸಾಯಿಕ್ (ಒಡದ ಟೈಲ್ ಚೂರು) ಹಾಕಿದ್ರ ಬಾಳಿಕಿ ಬರ್ತದ. ಥರ್ಮಾಕೋಲ್ ಹಾಕ್ತೀನಿ ಅಂತ ಯಾರರ ಬಂದ್ರ ಬ್ಯಾಡ ಅನ್ರಿ, ಭಾರ ತಡಿಯಲ್ಲ, ನೀರೂ ಹಿಡೀತದ.

ಎಎಸಿ ಬಗ್ಗಿ ನಮ್ಮ ಗವಂಡಿಗಳಿಗಿ ಇನ್ನೂ ಪೂರಾ ಕೈ ಕೂತಿಲ್ಲ. ಸಾದಾ ಸಿಮೆಂಟ್ ಮಾಲು ದಪ್ಪಗ ಹಾಕಿ ಕಟ್ಟತಾರ, ಅದಕ್ಕ ಬ್ಲಾಕ್ ಅಡೆಸಿವ್ ಅಂತ ಬರ್ತದ, ತೆಳ್ಳಗ ಹಚ್ಚಬೇಕು. ಕಾಲಮ್ಮು ಬೀಮು ಬ್ಲಾಕಿಗಿ ಕೂಡೂ ಜಾಗಾದಾಗ ಜಾಳಿಗಿ ಹಚ್ಚಿ ಪ್ಲಾಸ್ಟರ್ ಮಾಡಸ್ರಿ, ಇಲ್ಲಂದ್ರ ಅಲ್ಲೇ ಗೆರಿ ಹೊಡದಂಗ ಸೀಳ್ತದ. ಟಿವಿ, ಗೀಜರ್ ತೂಗುಹಾಕಾಕ ಬ್ಯಾರೆ ಫಾಸ್ಟನರ್ ಬೇಕಾಗ್ತದ.

ಹಳ್ಳಿ ಮನಿ ತಂಪ್ಯಾಕ ಅಂದ್ರ ಗೋಡಿ ಒಂದೂವರಿ ಎರಡು ಅಡಿ ದಪ್ಪ, ಮ್ಯಾಲ ಮಣ್ಣು ಹೇರಿರ್ತಾರ, ಮಧ್ಯಾಹ್ನದ ಬಿಸಿಲು ಒಳಗ ಬರೂದ್ರಾಗ ಹೊತ್ತು ಮುಣುಗಿರ್ತದ, ರಾತ್ರಿ ಬೆಳಕಿಂಡಿಲಿಂದ ಝಳ ಮ್ಯಾಲ ಹೋಗ್ತದ. 6 ಇಂಚ್ ಬ್ಲಾಕಿಗಿ ಆ ದಪ್ಪೂ ಇಲ್ಲ, ಎಎಸಿಗಿರೂ ತಡಿಯೂ ಇಲ್ಲ.

ಮುರಕಲ್ಲು ಮನೆ (ಮಂಗಳೂರು):

ಒಂದು ಮಾತು ಸೇರಿಸ್ತೇನೆ. ನಮ್ಮಲ್ಲಿ ಸೆಖೆ ಅಂದ್ರೆ ಬೆವರಿನ ಸೆಖೆ, ರಾತ್ರಿ ಹಗಲು ದೊಡ್ಡ ವ್ಯತ್ಯಾಸ ಇಲ್ಲ, ಗಾಳಿ ಆಡಿದ್ರೆ ಮಾತ್ರ ಬದುಕು. ಅದಕ್ಕೇ ಆ ಸಂಹಿತೆಯಲ್ಲಿ ನಮ್ಮಂಥ ಕರಾವಳಿಗೆ ತೆರೆಯುವ ಕಿಟಕಿ ಬಾಗಿಲು ನೆಲದ ವಿಸ್ತೀರ್ಣದ 16.66 ಪರ್ಸೆಂಟ್ ಇರ್ಬೇಕು ಅಂತ ಉಂಟು, ಒಣ ಬಿಸಿಲಿನ ಊರಿಗೆ 10 ಸಾಕು. ಈಗ ಇಲ್ಲಿಯೂ ಹಂಚು ತೆಗ್ದು ಎಲ್ಲರೂ ಸ್ಲ್ಯಾಬ್ ಹಾಕಿ, ಆಮೇಲೆ ತಡೀಲಿಕ್ಕೆ ಆಗದೆ ಎಸಿ ಹಾಕ್ತಾರೆ, ನೋಡುವಾಗ ಬೇಜಾರಾಗ್ತದೆ. ನಿಮ್ಮಲ್ಲಿ ಹಾಗಲ್ಲ, ರಾತ್ರಿ ಗಾಳಿ ತಣ್ಣಗಾಗ್ತದೆ ಅಂತ ನೀವೇ ಬರ್ದಿದ್ದೀರಿ, ಅದು ದೊಡ್ಡ ಆಸ್ತಿ. ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ, ರಾತ್ರಿ ಎದುರುಬದುರು ಕಿಟಕಿ ಪೂರ್ತಿ ತೆರೆದು ಮಲಗುವ ಹಾಗೆ ಸೊಳ್ಳೆ ಮೆಶ್ ಮತ್ತು ಗಟ್ಟಿ ಗ್ರಿಲ್ ಮೊದಲೇ ಪ್ಲಾನ್ ಮಾಡಿ. ಕೂಲರ್ ಕೂಡ ನಿಮ್ಮ ಒಣ ಹವೆಗೆ ಚೆನ್ನಾಗಿ ಕೆಲಸ ಮಾಡ್ತದೆ, ನಮ್ಮಲ್ಲಿ ಅದನ್ನು ಇಟ್ರೆ ಕೋಣೆ ಇನ್ನಷ್ಟು ಜಿಗುಟು. ಎಸಿ ಬೇಕಾದೀತು ಅಂತ ಈಗಲೇ ಹೆದರ್ಬೇಡಿ.

ಬಿಸಿಲೂರ ಮನಿ:

ಭಾಳ ಉಪಕಾರ ಆತ್ರಿ ಎಲ್ಲಾರದು. ಇನ್ನ ಸ್ವಲ್ಪ ಕೇಳೂದದ. ವಾಸ್ತು ಪ್ರಕಾರ ಮಾಸ್ಟರ್ ಬೆಡ್‌ರೂಮ್ ನೈಋತ್ಯಕ್ಕ ಬರ್ತದ, ಅಪ್ಪ ಅದನ್ನ ಬಿಡಾಕ ತಯಾರಿಲ್ಲ, ರೋಡ್ ಪಶ್ಚಿಮಕ್ಕೇ ಇರೂದ್ರಿಂದ ಆ ಕಡಿ ಬಿಸಿಲಿಗಿ ಅಡ್ಡ ಯಾವ ಮನೀನೂ ಇಲ್ಲ. ಇನ್ನೊಂದು, ಓಣ್ಯಾಗ ಎಲ್ಲಾರೂ ಛತ್ತಿನ ಮ್ಯಾಲ ತಗಡಿನ ಶೀಟ್ ಹಾಕಿಸ್ಯಾರ, ಇನ್ಸುಲೇಶನ್ ಬದಲಿ ಅದನ್ನೇ ಹಾಕಿದ್ರ ನಡೀತದೇನು? ಸುಣ್ಣ ಬಳದ್ರ ಸಾಕು ಅನ್ನೂವರೂ ಅದಾರ.

ಪ್ಲಾನ್ ಮತ್ತು ಸೆಕ್ಷನ್ (ಬೆಂಗಳೂರು):

ಅಪ್ಪಾಜಿ ಮನಸ್ಸು ನೋಯಿಸೋದು ಬೇಡ, ನೈಋತ್ಯದಲ್ಲೇ ಇರಲಿ. ಆ ಕೋಣೆಯ ಪಶ್ಚಿಮ ಗೋಡೆಗೆ ಕಿಟಕಿ ಬೇಡ, ಗೋಡೆ ಉದ್ದಕ್ಕೂ ವಾರ್ಡ್‌ರೋಬ್ ಬರಲಿ, ಕಿಟಕಿ ದಕ್ಷಿಣಕ್ಕೆ ಕೊಡಿ. ದಕ್ಷಿಣದ ಬಿಸಿಲು ಎತ್ತರದಿಂದ ಬರೋದ್ರಿಂದ ಎರಡಡಿ ಛಜ್ಜಾ ಸಾಕು. ಪಶ್ಚಿಮದಲ್ಲಿ ಸಾಯಂಕಾಲದ ಸೂರ್ಯ ಅಡ್ಡಕ್ಕೆ ಬರ್ತಾನೆ, ಛಜ್ಜಾ ಕೆಳಗಿಂದ ನುಗ್ಗಿ ನೇರ ಮಂಚಕ್ಕೇ ಬೀಳ್ತಾನೆ, ಅದಕ್ಕೆ ಆ ಕಡೆ ಛಜ್ಜಾ ಎಷ್ಟು ಉದ್ದ ಮಾಡಿದ್ರೂ ಪ್ರಯೋಜನ ಇಲ್ಲ, ಜಾಲಿ ಅಥವಾ ನಿಲುವು ಫಿನ್ (ಕಿಟಕಿ ಪಕ್ಕ ನೆಟ್ಟಗೆ ನಿಲ್ಲೋ ಹಲಗೆ) ಬೇಕು. ರಸ್ತೆ ಪಕ್ಕ ಒಂದು ಬೇವಿನ ಗಿಡ ಈ ಮಳೆಗಾಲದಲ್ಲೇ ನೆಡಿ, ಮನೆ ಮುಗಿಯೋ ಹೊತ್ತಿಗೆ ಅದೂ ಬೆಳೆದಿರುತ್ತೆ. ಮೆಟ್ಟಿಲು, ಬಾತ್‌ರೂಮ್, ಪೋರ್ಟಿಕೋ ಇವನ್ನೆಲ್ಲ ಆದಷ್ಟು ಪಶ್ಚಿಮಕ್ಕೆ ತಂದ್ರೆ ಮಲಗೋ ಕೋಣೆಗಳಿಗೆ ಅವೇ ಅಡ್ಡ ನಿಲ್ಲುತ್ತವೆ. ಬಜೆಟ್ ಬಿಗಿ ಅಂದ್ರಲ್ಲ, ಎಎಸಿ ಇಡೀ ಮನೆಗೆ ಆಗದಿದ್ರೆ ಪಶ್ಚಿಮ ಮತ್ತೆ ದಕ್ಷಿಣದ ಹೊರಗೋಡೆಗಾದ್ರೂ ಹಾಕಿ, ಒಳಗೋಡೆಗೆ ಏನು ಹಾಕಿದ್ರೂ ಧಗೆ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಬರಲ್ಲ.

ಸುಣ್ಣ, ಕೂಲ್ ರೂಫ್ ಪೇಂಟ್ (ಬಿಸಿಲನ್ನ ವಾಪಸ್ ಕಳಿಸೋ ಬಿಳಿ ಪೇಂಟ್) ಖಂಡಿತ ಕೆಲಸ ಮಾಡುತ್ತೆ. ತೆಲಂಗಾಣದವರು 2023ರಲ್ಲಿ ಅದಕ್ಕೇ ಒಂದು ಪಾಲಿಸಿ ತಂದ್ರು, 600 ಚದರ ಗಜ ಮೇಲಿನ ಪ್ಲಾಟಿನ ಮನೆಗಳಿಗೆ ಕೂಲ್ ರೂಫ್ ಕಡ್ಡಾಯ ಮಾಡಿದ್ರು. ನಿಮ್ಮ ಗಡಿಯ ಆಚೆ ಅದೇ ಬಿಸಿಲಿಗೆ ಪಾಲಿಸಿ ಇದೆ, ಈಚೆ ಕಲ್ಯಾಣ ಕರ್ನಾಟಕಕ್ಕೂ ಅಂಥದ್ದೇ ಒಂದು ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆದ್ರೆ ಸುಣ್ಣ ಮಳೆಗೆ ತೊಳೆದು ಹೋಗುತ್ತೆ, ಧೂಳು ಕೂತ್ರೆ ಗುಣ ಇಳಿಯುತ್ತೆ, ಪ್ರತಿ ಫೆಬ್ರವರಿ ಮಾರ್ಚ್‌ನಲ್ಲಿ ಬಳೀಲೇಬೇಕು. ಈಗಿರೋ ಬಾಡಿಗೆ ಮನೆಗೆ ಓನರ್ ಒಪ್ಪಿದ್ರೆ ಬರೋ ಬೇಸಿಗೆಗೇ ಬಳಿಸಿ, ಖರ್ಚು ಕಡಿಮೆ. ಹೊಸ ಮನೆಗೆ ಮಾತ್ರ ಎಕ್ಸ್‌ಪಿಎಸ್ ಮತ್ತೆ ಬಿಳಿ ಮೇಲ್ಮೈ ಎರಡೂ ಇರಲಿ.

ತಗಡು ಸ್ಲ್ಯಾಬಿಗೆ ನೆರಳು ಕೊಡುತ್ತೆ ನಿಜ, ಆದ್ರೆ ತಗಡೇ ಕಾದು ಕೆಳಗೆ ಶಾಖ ಬಿಡುತ್ತೆ, ಹಾಕೋದಾದ್ರೆ ಸುತ್ತ ಗೋಡೆ ಕಟ್ಟಿ ರೂಮ್ ಮಾಡದೆ ನಾಲ್ಕೂ ಕಡೆ ಗಾಳಿಗೆ ಬಿಡಬೇಕು. ಆ ದುಡ್ಡಿಗೆ ಎತ್ತರದ ಸ್ಟ್ಯಾಂಡ್ ಮೇಲೆ ಸೋಲಾರ್ ಪ್ಯಾನೆಲ್ ಯೋಚಿಸಿ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆ, ಕರೆಂಟೂ ಸಿಗುತ್ತೆ, ಅಷ್ಟು ಜಾಗಕ್ಕೆ ನೆರಳೂ ಸಿಗುತ್ತೆ. ಫ್ಯಾನ್ ತಗೊಳ್ಳುವಾಗ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನೋ ಮೋಟರಿನದು) ತಗೊಳ್ಳಿ, ಹಳೇದು 75 ವ್ಯಾಟ್ ತಿಂದ್ರೆ ಇದು 30ರ ಹತ್ತಿರ, ನಿಮ್ಮೂರಲ್ಲಿ ವರ್ಷದ ಮುಕ್ಕಾಲು ಭಾಗ ಫ್ಯಾನ್ ತಿರುಗ್ತಾನೇ ಇರುತ್ತಲ್ಲ.

ಶಹಾಬಾದ್ ಫರ್ಶಿ:

ಒಂದು ಮಾತು ಬಿಟ್ಟಿತ್ತು, ಇದನ್ನ ಈಗಲೇ ಇಂಜಿನಿಯರ್‌ಗ ಹೇಳ್ರಿ. ವಾಟರ್‌ಪ್ರೂಫಿಂಗ್, ಶೀಟ್, ಸ್ಕ್ರೀಡ್, ಮೊಸಾಯಿಕ್ ಎಲ್ಲಾ ಕೂಡಿ ಛತ್ತಿನ ಲೆವೆಲ್ 5-6 ಇಂಚ್ ಮ್ಯಾಲ ಬರ್ತದ. ಮೆಟ್ಟಿಲ ರೂಮಿನ ಬಾಗಿಲ ಹೊಸ್ತಿಲು ಅದಕ್ಕ ತಕ್ಕಂಗ ಎತ್ತರ ಇಡಬೇಕು, ಇಲ್ಲಂದ್ರ ಮಳಿ ನೀರು ಸೀದಾ ಒಳಗ ಬರ್ತದ. ಪ್ಯಾರಾಪೆಟ್ಟೂ ಅಷ್ಟೇ ಇಂಚ್ ಏರಿಸ್ರಿ, ನೀರು ಹೋಗೂ ಪೈಪಿನ ಬಾಯಿ ಹೊಸ ಲೆವೆಲ್ಲಿಗಿ ಬಿಡ್ರಿ, ಮತ್ತ ಆ ಭಾರ ಸ್ಲ್ಯಾಬಿನ ಡಿಸೈನ್‌ನಾಗ ಹಿಡದಾರೇನು ಕೇಳ್ರಿ. ಸೋಲಾರ್ ಸ್ಟ್ಯಾಂಡ್ ಹಾಕೂದಿದ್ರ ಅದರ ಕಾಲಿಗಿ ಕಾಂಕ್ರೀಟ್ ಪೆಡೆಸ್ಟಲ್ ಸ್ಲ್ಯಾಬ್ ಹಾಕೂ ಹೊತ್ತಿಗೇ ಎಬ್ಬಿಸಿ ಇಡ್ರಿ. ಆಮ್ಯಾಲ ವಾಟರ್‌ಪ್ರೂಫಿಂಗ್ ಮ್ಯಾಲ ಡ್ರಿಲ್ ಹೊಡಿಯೂದು ಬ್ಯಾಡ.