ಕೈ ನಡುಗಿದರೆ ಕೊಬ್ಬು ಕರಗುತ್ತಿದೆ ಅಂತಲ್ಲ ಕಣೋ

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುವುದು ನನ್ನ ಕೈಲಿ ಆಗುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ. ಪೂರ್ತಿ ಕೇಳಿ.

ನೀನು ಕೇಳಿದ್ದು ಇಷ್ಟು ಅಲ್ವಾ? ತೂಕ 91 ಕೆಜಿ. ದೀಪಾವಳಿಯೊಳಗೆ 10 ಕೆಜಿ ಇಳಿಸಬೇಕು ಅಂತ ಹಟ. ಶುಗರ್ ಮಾತ್ರೆ ಶುರುವಾಗಿದೆ. ರಾತ್ರಿ ಊಟ ಬಿಟ್ಟಿದ್ದೀಯ. ಬೆಳಿಗ್ಗೆ ಮಾತ್ರೆ ನುಂಗಿ, ಬರೀ ನೀರು ಕುಡಿದು, ಗಾಡಿ ಹತ್ತಿ ಲಾಲ್‌ಬಾಗ್‌ಗೆ ಹೋಗುತ್ತೀಯ. ನಡೆಯುತ್ತಾ ನಡೆಯುತ್ತಾ ಕೈ ನಡುಗುತ್ತದೆ, ತಣ್ಣನೆ ಬೆವರು ಬರುತ್ತದೆ, ಕಣ್ಣು ಮಂಜಾಗುತ್ತದೆ. "ಇದು ಕೊಬ್ಬು ಕರಗುವ ಲಕ್ಷಣವಾ, ಇಲ್ಲ ಭಯಪಡಬೇಕಾ" ಅಂತ ಬರೆದಿದ್ದೀಯ. ಅದಕ್ಕೆ ನಿನ್ನ ಚಿಕ್ಕ ಮಾವ "ಒಳಗಿನ ವಿಷ ಹೊರಗೆ ಹೋಗುತ್ತಿದೆ, ಒಳ್ಳೆಯದೇ" ಅಂತ ಬರೆದು ಕೈ ಮುಗಿಯುವ ಗುರುತು ಹಾಕಿದ್ದಾನೆ. ಅವನಿಗೇನು ಗೊತ್ತು? ಎಸ್ಸೆಸ್ಸೆಲ್ಸಿಯಲ್ಲಿ ಸೈನ್ಸ್ ಸಪ್ಲಿಮೆಂಟರಿಯಲ್ಲಿ ಪಾಸಾದವನು. ತಮ್ಮಾ, ಬೇಜಾರು ಮಾಡಿಕೊಳ್ಳಬೇಡ, ಇರುವುದನ್ನು ಹೇಳಿದೆ.

ಶುಗರ್ ಮಾತ್ರೆ ನುಂಗಿ ಹಸಿದ ಹೊಟ್ಟೆಯಲ್ಲಿ ನಡೆಯಬೇಡ. ಮೊದಲು ಇದನ್ನು ಕಿವಿಗೆ ಹಾಕಿಕೋ.

ನಿಮ್ಮ ದೊಡ್ಡಪ್ಪ ಚಾಮುಂಡಿ ಬೆಟ್ಟದಲ್ಲಿ ಬಿದ್ದ ಕಥೆ ನಿಮಗೆಲ್ಲ ಗೊತ್ತು. ಬಿದ್ದರು ಅಂತ ಗೊತ್ತು. ಯಾಕೆ ಬಿದ್ದರು ಅಂತ ಈ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಈಗ ಪಕ್ಕದಲ್ಲೇ ಕೂತಿದ್ದಾರೆ, ಹೇಳಬೇಡ ಅಂತ ಕೈ ಆಡಿಸುತ್ತಿದ್ದಾರೆ. ನಾನು ಹೇಳುವವಳೇ.

ಅವರು ರಿಟೈರ್ ಆದ ಮೇಲೆ ಹೇಗೆ ಊದಿಕೊಂಡರು ನೀವೇ ನೋಡಿದ್ದೀರಿ. ಶುಗರ್ ಆಗಲೇ ಇತ್ತು. ಮೆಟ್‌ಫಾರ್ಮಿನ್ ಒಂದು, ಅದರ ಜೊತೆಗೆ ಗ್ಲಿಮೆಪಿರೈಡ್ ಅಂತ ಇನ್ನೊಂದು. ಡಾಕ್ಟರು ತೂಕ ಇಳಿಸಿ ಅಂದರು. ಮೊದಮೊದಲು ಚೆನ್ನಾಗಿಯೇ ಹೋಗುತ್ತಿತ್ತು. ಸಂಜೆ ಕುಕ್ಕರಹಳ್ಳಿ ಕೆರೆ ಸುತ್ತುವುದು, ಬರುತ್ತಾ ದಾರಿಯಲ್ಲಿ ಬೋಂಡ ತಿನ್ನದೆ ಬರುವುದು, ಅನ್ನ ಒಂದು ಸೌಟು ಕಡಿಮೆ. ತಿಂಗಳಿಗೆ ಒಂದು ಒಂದೂವರೆ ಕೆಜಿ ಇಳಿಯುತ್ತಿತ್ತು. ಅವರಿಗೆ ಅದು ಸಾಲಲಿಲ್ಲ. ಹಾಸನಕ್ಕೆ ಹೋದಾಗ ಅಲ್ಲಿ ಯಾರೋ ತಲೆಗೆ ತುಂಬಿದರು. ಯಾರು ಅಂತ ಆಮೇಲೆ ಹೇಳುತ್ತೇನೆ. ಅನ್ನ, ಮುದ್ದೆ, ಚಪಾತಿ ಎಲ್ಲ ಬಿಡಿ, ರಾತ್ರಿ ಬರೀ ಸೌತೆಕಾಯಿ ತಿನ್ನಿ ಅಂತ. ಬಂದವರೇ ಶುರು ಮಾಡಿದರು. ನನ್ನ ಮಾತು ಯಾರು ಕೇಳುತ್ತಾರೆ?

ತೂಕ ದಡದಡ ಇಳಿಯಿತು. ಪ್ಯಾಂಟು ಜಾರುತ್ತಿತ್ತು. ಬೀದಿಯಲ್ಲೆಲ್ಲ ಹೊಗಳಿಕೆ. ಆದರೆ ನೋಡು, ಊಟ ಅರ್ಧ ಆಯಿತು, ತೂಕವೂ ಇಳಿಯಿತು, ಮಾತ್ರೆ ಮಾತ್ರ ಹಳೆಯ ಲೆಕ್ಕದ್ದೇ. ಡಾಕ್ಟರಿಗೆ ತೋರಿಸಿ ಬನ್ನಿ ಅಂದರೆ, ಮೂರು ತಿಂಗಳು ಆಗಲಿ, ಒಟ್ಟಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತೇನೆ ಅಂದರು.

ಆಮೇಲೆ ಆಷಾಢ ಬಂತು. ಆಷಾಢ ಶುಕ್ರವಾರ ಬೆಟ್ಟ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕು. ಕತ್ತಲಿರುವಾಗಲೇ ಜನ ಪಾದದ ಹತ್ತಿರ ಸೇರಿರುತ್ತಾರೆ. ಸಾವಿರ ಮೆಟ್ಟಿಲು. ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಹತ್ತುತ್ತಾರೆ. ನಾನೂ ಹಚ್ಚುತ್ತಿದ್ದೆ. ಇವರು ಕೈಬೀಸಿಕೊಂಡು ಮುಂದೆ ಮುಂದೆ. ಹಿಂದಿನ ರಾತ್ರಿ ಸೌತೆಕಾಯಿ, ಬೆಳಿಗ್ಗೆ ತಾಯಿ ದರ್ಶನ ಆಗುವ ತನಕ ಏನೂ ಮುಟ್ಟುವುದಿಲ್ಲ ಅಂತ ಉಪವಾಸ. ಮಾತ್ರೆ ಮಾತ್ರ ನುಂಗಿದ್ದಾರೆ! ತಿಂಡಿಯ ಜೊತೆ ನುಂಗಬೇಕಾದ ಮಾತ್ರೆ ಅದು. "ಔಷಧಿ ತಪ್ಪಿಸಬಾರದು" ಅನ್ನುವ ಶಿಸ್ತು ಬೇರೆ.

ನಂದಿ ಇರುವುದು ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ. ನಾನು ಅಲ್ಲಿಗೆ ಬರುವಷ್ಟರಲ್ಲಿ ಇವರು ನೆಲಕ್ಕೆ ಕೂತಿದ್ದಾರೆ. ಶರ್ಟು ಹಿಂಡಿದರೆ ನೀರು ಬರುವ ಹಾಗೆ ಬೆವರು. ಮುಟ್ಟಿದರೆ ಮೈ ತಣ್ಣಗೆ. ನಂದಿಯ ಕಡೆ ಬೆರಳು ತೋರಿಸಿ "ಕರೆಂಟ್ ಬಿಲ್ ಕಟ್ಟಿದ್ದೀಯೇನೋ" ಅಂತ ಗದರುತ್ತಿದ್ದಾರೆ. ನಾನು ಕೈ ಹಿಡಿದರೆ ಕೊಡವಿ ತಳ್ಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನನ್ನು ತಳ್ಳಿದ್ದಿಲ್ಲ.

ಅಷ್ಟರಲ್ಲಿ ಸುತ್ತ ಜನ. ಒಬ್ಬಾಕೆ "ಮುಟ್ಟಬೇಡಿ, ಮೈಮೇಲೆ ಅಮ್ಮ ಬಂದಿದ್ದಾಳೆ" ಅಂದರು. ಹಣೆ ತುಂಬ ಕುಂಕುಮ ಬಳಿದರು. ಇನ್ನೊಬ್ಬರು ಕರ್ಪೂರ ಹಚ್ಚಿ ಆರತಿ ಎತ್ತಿದರು! ಯಾರೋ ಒಂದು ಹುಡುಗ "ಬೆಳಬೆಳಿಗ್ಗೆ ಎಣ್ಣೆ ಹಾಕಿದ್ದಾರೆ" ಅಂತ ನಕ್ಕ. ಒಂದು ಕಡೆ ದೇವಿ, ಒಂದು ಕಡೆ ಕುಡುಕ. ಕಾಯಿಲೆ ಅಂತ ಯಾರಿಗೂ ಹೊಳೆಯಲಿಲ್ಲ.

ನರ್ಸಿಂಗ್ ಓದುವ ಹುಡುಗಿಯೊಬ್ಬಳು ಜನರನ್ನು ಸರಿಸಿ ಬಂದಳು. ಕೇಳಿದ್ದು ಎರಡೇ ಮಾತು. "ಅಂಕಲ್‌ಗೆ ಶುಗರ್ ಇದೆಯಾ? ತಿಂಡಿ ಆಗಿದೆಯಾ?" ಅಷ್ಟೇ. ಗಾಡಿಯಿಂದ ಕಬ್ಬಿನ ಹಾಲು ತರಿಸಿದಳು. ಶುಗರ್ ಇರುವವರಿಗೆ ಕಬ್ಬಿನ ಹಾಲು ಕೊಡುತ್ತಾರಾ ಅಂತ ನಾನು ಕೂಗಿಕೊಂಡೆ. "ಆಂಟಿ, ಈಗ ಇದೇ ಔಷಧಿ, ಇನ್ನೂ ನುಂಗುವ ಸ್ಥಿತಿಯಲ್ಲಿದ್ದಾರಲ್ಲ, ಪುಣ್ಯ" ಅಂದಳು. ಸ್ವಲ್ಪ ಸ್ವಲ್ಪವಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಇವರು ನನ್ನ ಮುಖ ನೋಡಿ "ಯಾಕೆ ಅಳುತ್ತಿದ್ದೀಯ" ಅಂದರು.

ನಂದಿಯ ತನಕ ರಸ್ತೆ ಇದೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಕೆಳಗೆ ಬಂದೆವು. ಅಷ್ಟು ಕಬ್ಬಿನ ಹಾಲು ಕುಡಿದ ಮೇಲೂ ಆಸ್ಪತ್ರೆಯಲ್ಲಿ ನೋಡಿದರೆ ಶುಗರ್ 58. ಎಪ್ಪತ್ತಕ್ಕಿಂತ ಕೆಳಗೆ ಹೋಗಬಾರದು. ಎದ್ದು ಕೂತು ಮಾತಾಡುತ್ತಿದ್ದಾರೆ, ಮನೆಗೆ ಹೋಗೋಣ ಅಂದರೆ ಡಾಕ್ಟರು ಬಿಡಲಿಲ್ಲ. ಈ ಮಾತ್ರೆಯ ಕೆಲಸ ಬೇಗ ನಿಲ್ಲುವುದಿಲ್ಲ, ಒಮ್ಮೆ ಏರಿದ ಶುಗರ್ ಮತ್ತೆ ಬೀಳಬಹುದು ಅಂತ ರಾತ್ರಿ ಇಟ್ಟುಕೊಂಡರು. ಬಿತ್ತು ಕೂಡ. ಗ್ಲುಕೋಸ್ ಹಾಕಿದರು.

ಆಗ ಡಾಕ್ಟರು ಹೇಳಿದ್ದು ನನಗೆ ಈಗಲೂ ಬಾಯಿಪಾಠ. ಗ್ಲಿಮೆಪಿರೈಡ್ ತರಹದ ಮಾತ್ರೆಗೆ ನೀವು ತಿಂದಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ. ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ ಗ್ರಂಥಿಯಿಂದ ಇನ್ಸುಲಿನ್, ಅಂದರೆ ರಕ್ತದ ಸಕ್ಕರೆ ಇಳಿಸುವ ರಸ, ಹೊರಡಿಸುವುದೊಂದೇ ಅದರ ಕೆಲಸ. ಹೊಟ್ಟೆಯಲ್ಲಿ ಊಟ ಇಲ್ಲ, ನಡೆದರೆ ಮಾಂಸಖಂಡ ಬೇರೆ ಸಕ್ಕರೆ ಎಳೆದುಕೊಳ್ಳುತ್ತದೆ, ಇನ್ನೇನು ಉಳಿಯುತ್ತದೆ? ತೂಕ ಇಳಿದ ಹಾಗೆಲ್ಲ ಮೈಗೆ ಮಾತ್ರೆ ಕಡಿಮೆ ಸಾಕಾಗುತ್ತದೆ. ಅದನ್ನು ಡಾಕ್ಟರು ಇಳಿಸುತ್ತಾ ಬರಬೇಕು. ಅವರಿಗೆ ಹೇಳದೆ ಪಥ್ಯ ಮಾಡಿದರೆ ಅವರು ಹೇಗೆ ಇಳಿಸುತ್ತಾರೆ?

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ. ಶುಗರ್ ಮಾತ್ರೆ ನುಂಗಿ ಹಸಿದ ಹೊಟ್ಟೆಯಲ್ಲಿ ನಡೆಯಬೇಡ. ನಡುಕ ಬಂದರೆ ಅದು ಕೊಬ್ಬೂ ಅಲ್ಲ, ವಿಷವೂ ಅಲ್ಲ, ಶುಗರ್ ತೀರಾ ಕೆಳಗೆ ಇಳಿದಿರಬಹುದು.

ಈಗ ಆ ಸೌತೆಕಾಯಿ ಹೇಳಿಕೊಟ್ಟವರು ಯಾರು ಅಂತ ಕೇಳಿ. ನನ್ನ ಹಾಸನದ ನಾದಿನಿಯ ಯಜಮಾನರು. ಅವಳು ಈ ಗುಂಪಿನಲ್ಲಿ ಇಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಯಾರೂ ಫಾರ್ವರ್ಡ್ ಮಾಡಬೇಡಿ. ಇವರು ದಪ್ಪ ಇದ್ದಾಗ ಅವಳು "ಅತ್ತಿಗೆ, ಅಣ್ಣನ ಹೊಟ್ಟೆ ನೋಡಿದ್ದೀರಾ, ಏನು ಹಾಕಿ ಬೆಳೆಸುತ್ತಿದ್ದೀರಿ" ಅಂದಳು. ಆಸ್ಪತ್ರೆಯಿಂದ ಬಂದ ಮೇಲೆ ಗೃಹಪ್ರವೇಶದಲ್ಲಿ ನೂರು ಜನರ ಮುಂದೆ "ನಮ್ಮಣ್ಣನನ್ನು ಉಪವಾಸ ಕೆಡವಿ ಕಡ್ಡಿ ಮಾಡಿದ್ದಾಳೆ" ಅಂದಳು. ದಪ್ಪ ಆದರೂ ನಾನೇ, ಸಣ್ಣ ಆದರೂ ನಾನೇ. ಅಂದವಳು ಸುಮ್ನೆ ಇದ್ದಳಾ? "ಇವತ್ತೊಂದು ದಿನ ಏನಾಗಲ್ಲ ಅಣ್ಣ" ಅಂತ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು, ಮೇಲೆ ಮಿಳ್ಳೆ ತುಪ್ಪ. ಆಸ್ಪತ್ರೆಗೆ ಬಂದು ಒಂದು ರಾತ್ರಿ ಕೂರಲಿಲ್ಲ. ಫೋನಿನಲ್ಲಿ "ದೇವಿ ಕಾಪಾಡಿದಳು" ಅಂದು ಇಟ್ಟಳು. ದೇವಿ ಕಾಪಾಡಿದ್ದು ನಿಜ, ಆ ನರ್ಸಿಂಗ್ ಹುಡುಗಿಯನ್ನು ಕಳಿಸಿದಳಲ್ಲ.

ಇನ್ನೊಂದು ಕೇಳಿ. ಅರಸೀಕೆರೆ ಹತ್ತಿರದ ತೋಟದಲ್ಲಿ ಅತ್ತೆಯವರು ಹೋದ ಮೇಲೆ ನಮಗೂ ಪಾಲು ಇದೆ. ಪ್ರತಿ ಸಲ ಕಾಯಿ ಕಿತ್ತಾಗ ಎರಡು ಚೀಲ ಕಳಿಸಬೇಕು ಅಂತ ಮಾತು. ಈ ವರ್ಷ ಬಂದದ್ದು ಅರ್ಧ ಚೀಲ. ಅದೂ ಮುಷ್ಟಿಯಷ್ಟು ಸಣ್ಣ ಕಾಯಿ. ಕೇಳಿದರೆ "ನೀವು ತೂಕ ಇಳಿಸುತ್ತಿದ್ದೀರಲ್ಲ ಅತ್ತಿಗೆ, ಕಾಯಿ ಯಾಕೆ" ಅಂತಾಳೆ. ಡಯಟ್ ಮಾಡುವುದು ಅವಳ ಅಣ್ಣ, ಕಾಯಿ ಕಡಿತ ನನಗೆ! ಹುಳಿಗೆ ತುರಿದು ಹಾಕಲು ಅಂಗಡಿಯಿಂದ ದುಡ್ಡು ಕೊಟ್ಟು ತರುತ್ತಿದ್ದೇನೆ. ತೋಟದವರ ಮನೆಗೆ ಸೊಸೆಯಾಗಿ ಬಂದು.

ಅಯ್ಯೋ, ಹೇಳಬೇಕಾದ್ದೇ ಬಿಟ್ಟುಹೋಯಿತು. ನಿಮ್ಮ ದೊಡ್ಡಪ್ಪ ಸನ್ನೆ ಮಾಡುತ್ತಿದ್ದಾರೆ, ಮಾತ್ರೆ ಹೆಸರು ಕೇಳು ಅಂತ.

ಪುಟ್ಟಾ, ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡು. ಮೇಲೆ ಕಂಪನಿ ಇಟ್ಟ ಹೆಸರು ಬೇಡ, ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದು. ಬರೀ ಮೆಟ್‌ಫಾರ್ಮಿನ್ ಆದರೆ ಶುಗರ್ ಹೀಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಂತ ಏನಾದರೂ ಸೇರಿದ್ದರೆ ಇದೇ ಕಾರಣ ಇರಬಹುದು. ಏನೇ ಇದ್ದರೂ ಇವತ್ತೇ ಡಾಕ್ಟರಿಗೆ ಫೋನ್ ಮಾಡು. ರಾತ್ರಿ ಊಟ ಬಿಟ್ಟಿದ್ದೇನೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಡೆಯುತ್ತೇನೆ, ಹೀಗೆ ಹೀಗೆ ಆಗುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳು. ಮಾತ್ರೆಯನ್ನು ನೀನೇ ನಿಲ್ಲಿಸಬೇಡ, ನೀನೇ ಅರ್ಧ ಮಾಡಬೇಡ. ಅವರು ಹೇಳುವ ತನಕ ರಾತ್ರಿ ಊಟ, ಬೆಳಿಗ್ಗೆ ತಿಂಡಿ ಎರಡೂ ಮಾಡು.

ಮತ್ತೆ ನಡುಕ ಬಂದರೆ ಅಲ್ಲೇ ಕೂತುಬಿಡು. ಮನೆಯಲ್ಲೇ ಶುಗರ್ ನೋಡುವ ಗ್ಲುಕೋಮೀಟರ್ ಇದ್ದರೆ ನೋಡು, ಇಲ್ಲದಿದ್ದರೆ ಕಾಯಬೇಡ. ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು, 70 ದಾಟದಿದ್ದರೆ ಇನ್ನೊಮ್ಮೆ ಕುಡಿ. ಆಮೇಲೆ ಏನಾದರೂ ಗಟ್ಟಿಯಾಗಿ ತಿನ್ನು. ಚಾಕಲೇಟು ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಆ ಸ್ಥಿತಿಯಲ್ಲಿ ಗಾಡಿ ಮುಟ್ಟಬಾರದು. ಜೇಬಿನಲ್ಲಿ ಒಂದು ಪೊಟ್ಟಣ ಗ್ಲುಕೋಸ್ ಪುಡಿ ಇಟ್ಟುಕೋ. ನಿನ್ನ ಹೆಂಡತಿಗೂ ಹೇಳು: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಸುರಿಯಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ತೂಕದ ವಿಷಯ ಕೇಳಿದ್ದೀಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ವಾರ ಮೂರು ಕೆಜಿ ಇಳಿಯಿತು ಅಂತ ನೀನು ಗುಂಪಿಗೆ ಫೋಟೋ ಹಾಕಿದ್ದೆಯಲ್ಲ. ಅದರಲ್ಲಿ ಜಾಸ್ತಿ ನೀರು ಕಣೋ. ದೀಪಾವಳಿಗೆ 10 ಕೆಜಿ ಯಾರು ಕೇಳಿದರು? 91ರಲ್ಲಿ ನಾಲ್ಕೂವರೆ ಐದು ಕೆಜಿ ಇಳಿಸಿ ಹಾಗೇ ಉಳಿಸಿಕೊಂಡರೂ ಶುಗರ್ ರಿಪೋರ್ಟ್ ಬದಲಾಗುತ್ತದೆ. ವಾರಕ್ಕೆ ಅರ್ಧ ಕೆಜಿ ಸಾಕು. ಇವರೂ ಆಮೇಲೆ ಹಾಗೇ ಇಳಿಸಿದ್ದು. ಮುದ್ದೆ ಬಿಡಲಿಲ್ಲ, ಸಣ್ಣ ಮಾಡಿದೆವು. ರಾಗಿ ಒಳ್ಳೆಯದು ಅಂತ ಎರಡೆರಡು ಮುದ್ದೆ ನುಂಗಿದರೆ ಅದೂ ಸಕ್ಕರೆಯೇ. ಬಸ್ಸಾರಿನ ಕಾಳು, ಸೊಪ್ಪು ಜಾಸ್ತಿ ಬಡಿಸಿದೆ. ಎಣ್ಣೆಯನ್ನು ಕ್ಯಾನಿನಿಂದ ಸುರಿಯುವುದು ನಿಲ್ಲಿಸಿ ಚಮಚದಲ್ಲಿ ಅಳೆಯಲು ಶುರು ಮಾಡಿದೆ. ತೂಕಕ್ಕಿಂತ ಸೊಂಟಕ್ಕೆ ಟೇಪು ಹಿಡಿ, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು ಅಂತಾರೆ. ಬರೀ ನಡೆದರೆ ಸಾಲದು, ವಾರಕ್ಕೆರಡು ದಿನ ಕೈಕಾಲಿಗೆ ಶಕ್ತಿ ಬರುವ ವ್ಯಾಯಾಮವೂ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನಿಮ್ಮ ದೊಡ್ಡಪ್ಪ ಟಿವಿ ನೋಡುತ್ತಾ ಕುರ್ಚಿಯಿಂದ ಕೈ ಊರದೆ ಎದ್ದು ಕೂರುತ್ತಾರೆ, ಜಾಹೀರಾತು ಮುಗಿಯುವ ತನಕ. ನೋಡಲು ತಮಾಷೆ, ಆದರೆ ಮಂಡಿ ನೋವು ಅನ್ನುವುದು ಕಡಿಮೆಯಾಗಿದೆ.

ಸ್ಟ್ರಿಪ್ ಫೋಟೋ ಗುಂಪಿಗೆ ಹಾಕಬೇಡ, ಡಾಕ್ಟರಿಗೆ ಕಳಿಸು. ಅವರು ಏನಂದರು ಅಂತ ಸಂಜೆ ನನಗೆ ಹೇಳು. ನಿನ್ನ ಅಮ್ಮನಿಗೂ ಒಂದು ಫೋನ್ ಮಾಡಲು ಹೇಳು. ಆ ಕಾಯಿ ಚೀಲದ ವಿಷಯ ಅವಳ ಹತ್ತಿರ ಇನ್ನೂ ಪೂರ್ತಿ ಹೇಳಿಲ್ಲ.