ಹದಿಹರೆಯದವರಿಗಾಗಿ ಕಾದಂಬರಿ: ಬರೆದು ಮುಗಿಸಿದವರು ಹೇಳಿ

ಪ್ರಶ್ನೆ
ನನಗೆ 27 ವರ್ಷ. ಹದಿನಾಲ್ಕರಿಂದ ಹದಿನೇಳರ ವಯಸ್ಸಿನವರು ಓದುವಂಥ ಕಾದಂಬರಿ ಬರೆಯುವ ಆಸೆ. ಮೂರು ಸಲ ಶುರು ಮಾಡಿದೆ. ಮೂರು ಸಲವೂ ಮೂವತ್ತು ಪುಟ ದಾಟಲಿಲ್ಲ. ಆ ವಯಸ್ಸಿನಿಂದ ತುಂಬಾ ದೂರ ಬಂದುಬಿಟ್ಟೆನೇನೋ ಅನ್ನಿಸುತ್ತದೆ. ನೀವು ಹೇಗೆ ಬರೆದಿರಿ, ಎಲ್ಲಿ ಎಡವಿದಿರಿ, ಹೇಳುತ್ತೀರಾ?

ಉತ್ತರ 1
ನನ್ನ ಮೊದಲ ಕಾದಂಬರಿಯ ನಾಯಕಿಗೆ ಹದಿನಾರು. ಗೆಳತಿ ಪರೀಕ್ಷೆಯಲ್ಲಿ ನಕಲು ಹೊಡೆಯುವುದನ್ನು ನೋಡಿರುತ್ತಾಳೆ. ಹೇಳಬೇಕಾ, ಬೇಡವಾ ಅನ್ನುವುದೇ ಕಥೆ. ಕೊನೆಯಲ್ಲಿ ಒಬ್ಬ ಟೀಚರ್ ಬಂದು ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಸರಿ ಮಾಡುತ್ತಿದ್ದರು. ಆ ಅಧ್ಯಾಯದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಹದಿನೈದರ ಹುಡುಗಿಯೊಬ್ಬಳಿಗೆ ಓದಲು ಕೊಟ್ಟೆ. ಅವಳು ಕೇಳಿದ್ದು ಒಂದೇ: "ಆಂಟಿ, ಕೊನೆಗೆ ಇವಳು ಏನೂ ಮಾಡಲೇ ಇಲ್ಲವಲ್ಲ?"

ಟೀಚರನ್ನು ತೆಗೆದುಹಾಕಿ ಮತ್ತೆ ಬರೆದೆ. ನಾಲ್ಕು ತಿಂಗಳು ಹಿಡಿಯಿತು. ಈಗ ಹುಡುಗಿ ತಾನೇ ನಿರ್ಧಾರ ಮಾಡುತ್ತಾಳೆ, ಅದೂ ತಪ್ಪು ನಿರ್ಧಾರ. ಗೆಳತಿಯನ್ನು ಕಳೆದುಕೊಳ್ಳುತ್ತಾಳೆ. ಕಥೆಗೆ ಜೀವ ಬಂದದ್ದೇ ಆಗ. ದೊಡ್ಡವರು ಕಥೆಯಲ್ಲಿ ಇರಲಿ, ಒಳ್ಳೆಯವರಾಗಿಯೇ ಇರಲಿ. ಗಂಟು ಬಿಚ್ಚುವುದು ಮಾತ್ರ ಆ ಹುಡುಗಿಯೇ ಆಗಬೇಕು.

"ಆಗ ನನಗೆ ಇನ್ನೂ ಬುದ್ಧಿ ಬಂದಿರಲಿಲ್ಲ" ಅನ್ನುವಂಥ ಸಾಲುಗಳನ್ನೂ ಹುಡುಕಿ ಹುಡುಕಿ ಹೊಡೆದುಹಾಕಿದೆ. ಅದು ಹದಿನಾರರ ದನಿ ಅಲ್ಲ, ದೊಡ್ಡವಳಾದ ನನ್ನ ದನಿ. ಆ ವಯಸ್ಸಿನಲ್ಲಿ ಒಂದು ಅವಮಾನ ಅಂದರೆ ಊರೆಲ್ಲ ಸೇರಿ ನಕ್ಕ ಹಾಗೆ. ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ ಅಂತ ನಮಗೆ ಗೊತ್ತು. ಅವಳಿಗೆ ಗೊತ್ತಿಲ್ಲ.

ಉತ್ತರ 2
ಇಂಗ್ಲಿಷಿನಲ್ಲಿ ಈ ಬಗೆಯ ಕಾದಂಬರಿಗಳು ಸಾಮಾನ್ಯವಾಗಿ 50,000ದಿಂದ 80,000 ಪದ ಇರುತ್ತವೆ. ಫ್ಯಾಂಟಸಿ ಆದರೆ ಇನ್ನೂ ಜಾಸ್ತಿ. ದಿನಕ್ಕೆ 500 ಪದದಂತೆ 120 ದಿನ ಬರೆದರೆ 60,000. ನಾನು ಮುಗಿಸಿದ್ದು ಹೀಗೇ. ಕರಡು ಮುಗಿಯುವ ತನಕ ಹಿಂದಿನ ಪುಟ ತಿದ್ದಲು ಹೋಗಬೇಡಿ.

ಓದಲು ಕೊಟ್ಟವರನ್ನು "ಚೆನ್ನಾಗಿದೆಯಾ?" ಅಂತ ಕೇಳಿದರೆ ಸುಮ್ನೆ ಹೂಂ ಅನ್ನುತ್ತಾರೆ. "ಯಾವ ಪುಟದಲ್ಲಿ ಪುಸ್ತಕ ಮಡಚಿಟ್ಟೆ?" ಅಂತ ಕೇಳಿ.

ಉತ್ತರ 3
ಈ ವರ್ಷ ಹುಡುಗರು ಆಡುವ ಹೊಸ ಪದಗಳನ್ನೆಲ್ಲ ತುರುಕಬೇಡಿ. ಪುಸ್ತಕ ಅಚ್ಚಾಗುವಷ್ಟರಲ್ಲಿ ಹಳಸಿರುತ್ತವೆ. ಅವರು ಏನನ್ನು ಹೇಳದೆ ನುಂಗಿಕೊಳ್ಳುತ್ತಾರೆ ಅನ್ನುವುದನ್ನು ಗಮನಿಸಿ. ಆತ್ಮಹತ್ಯೆಯಂಥ ವಿಷಯ ಬಂದರೆ ಹೆದರಿ ಬಿಡಬೇಡಿ, ಆದರೆ ಹೇಗೆ ಅನ್ನುವ ವಿವರ ಖಂಡಿತ ಬೇಡ. ಓದುತ್ತಿರುವ ಮಗು ಅವತ್ತು ಯಾವ ಸ್ಥಿತಿಯಲ್ಲಿದೆಯೋ ನಮಗೆ ಕಾಣುವುದಿಲ್ಲ, ಅಲ್ವಾ?

ವಯಸ್ಸಿನ ಮಾತಿಗೆ ಬಂದರೆ, ಅಮೆರಿಕದ ಎಸ್. ಇ. ಹಿಂಟನ್ ಹೈಸ್ಕೂಲಿನಲ್ಲಿದ್ದಾಗಲೇ ಮೊದಲ ಕಾದಂಬರಿ ಬರೆದರು. ಅದು 1967ರಲ್ಲಿ ಬಂತು. ತಾವು ಕಂಡ ಹುಡುಗರ ಬದುಕು ಯಾವ ಪುಸ್ತಕದಲ್ಲೂ ಸಿಗಲಿಲ್ಲ ಅನ್ನುವ ಕೊರಗಿನಿಂದ ಬರೆದದ್ದು. ಆ ಕೊರಗು 27ರಲ್ಲೂ ಮಾಸಿರುವುದಿಲ್ಲ. ಹದಿನೈದರಲ್ಲಿ ನಿಮಗೆ ಯಾವ ಕಥೆ ಬೇಕಿತ್ತು, ಸಿಗಲಿಲ್ಲ?

ಕೇಳಿದವರಿಂದ
ಎಲ್ಲರಿಗೂ ಥ್ಯಾಂಕ್ಸ್. ಕೊನೆಯ ಸಲದ ಕರಡು ತೆಗೆದು ನೋಡಿದೆ. ಇಪ್ಪತ್ತೆಂಟನೇ ಪುಟದಲ್ಲಿ ಹುಡುಗನ ಅಣ್ಣ ಬಂದು ಜಗಳ ಬಗೆಹರಿಸಿಬಿಟ್ಟಿದ್ದಾನೆ. ಆಮೇಲೆ ಬರೆಯಲು ಏನೂ ಉಳಿದಿರಲಿಲ್ಲ. ಇವತ್ತು ರಾತ್ರಿ ಆ ಅಣ್ಣ ಬರುವುದಿಲ್ಲ. ಅಲ್ಲಿಂದ ಮುಂದೆ ಬರೆಯುತ್ತೇನೆ.