ಆರ್‌ಕ್ಲೋನ್ ಸಿಂಕ್ ಹೊಡ್ದೆ, ಡ್ರೈವ್ ಫೋಲ್ಡರ್ ಪೂರ್ತಿ ಖಾಲಿ! ಮೌಂಟ್ ಬಗ್ಗೆನೂ ಒಂದು ಡೌಟು

ಅಡಿಕೆತೋಟ
ನಮಸ್ಕಾರ ಎಲ್ರಿಗೂ. ಲಿನಕ್ಸ್ ಮಿಂಟ್ ಹಾಕ್ಕೊಂಡು ಒಂದು ವರ್ಷ ಆಯ್ತು ಅಷ್ಟೆ, ಬೈಬೇಡಿ. ಅಪ್ಪ ತಾಳಮದ್ದಲೆಲಿ ಅರ್ಥ ಹೇಳ್ತಿದ್ರು, ಅವರ ನೋಟ್‌ಬುಕ್ಕೆಲ್ಲ ಸ್ಕ್ಯಾನ್ ಮಾಡಿ ಹಾರ್ಡ್‌ಡಿಸ್ಕಲ್ಲಿ ಇಟ್ಟಿದೀನಿ, ಸುಮಾರು 9 ಜಿಬಿ. ಅದನ್ನೇ ಬ್ರೌಸರಿಂದ ಗೂಗಲ್ ಡ್ರೈವ್‌ಗೆ ಹಾಕಿದ್ದೆ. ತಂಗಿ ಬೆಂಗಳೂರಲ್ಲಿ ಕೂತು ಅದೇ ಅಕೌಂಟಿಂದ ಅದೇ ಫೋಲ್ಡರಲ್ಲಿ ಟೈಪ್ ಮಾಡಿ ಮಾಡಿ ಇಡ್ತಿದ್ಲು. ನಿನ್ನೆ ಆರ್‌ಕ್ಲೋನ್ (ಟರ್ಮಿನಲಿಂದ ಕ್ಲೌಡ್‌ಗೆ ಫೈಲ್ ಕಳ್ಸೋ ಸಾಫ್ಟ್‌ವೇರು) ಕಲಿತೆ ಅಂತ ಹುಮ್ಮಸ್ಸಲ್ಲಿ "ಆರ್‌ಕ್ಲೋನ್ ಸಿಂಕ್ /ಎಂಎನ್‌ಟಿ/ಡಿಸ್ಕ್ ಜಿಡ್ರೈವ್:ಅರ್ಥ" ಅಂತ ಹೊಡ್ದೆ, ಎರಡೇ ನಿಮಿಷಕ್ಕೆ ಮುಗೀತು, ಆಹಾ ಎಂಥಾ ಸ್ಪೀಡು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಹಾರ್ಡ್‌ಡಿಸ್ಕ್ ವೈರೇ ಚುಚ್ಚಿಲ್ಲ, ಡ್ರೈವ್ ಫೋಲ್ಡರಲ್ಲಿ ಒಂದು ಫೈಲೂ ಇಲ್ಲ. ಗಾಬರಿಲಿ ಡಿಸ್ಕ್ ಚುಚ್ಚಿ ಮತ್ತೆ ಅಪ್‌ಲೋಡ್ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದೀನಿ. ತಂಗಿಗೆ ಇನ್ನೂ ಹೇಳಿಲ್ಲ.

ಇನ್ನೊಂದು, ಆರ್‌ಕ್ಲೋನಿಂದ ಡ್ರೈವನ್ನ ಮೌಂಟ್ ಮಾಡಿದ್ರೆ (ಅಂದ್ರೆ ಕಂಪ್ಯೂಟರಲ್ಲೇ ಒಂದು ಫೋಲ್ಡರ್ ಥರ ಕಾಣೋ ಹಾಗೆ ಜೋಡ್ಸಿದ್ರೆ) ಟರ್ಮಿನಲ್ ಮುಚ್ಚಿದ ತಕ್ಷಣ ಫೋಲ್ಡರ್ ಮಾಯ, ಮತ್ತೆ ಲಿಬ್ರೆಆಫೀಸಿಂದ ಅದ್ರೊಳಗೆ ಸೇವ್ ಮಾಡಕ್ಕೋದ್ರೆ ಎರರ್ರು. ಯಾಕೆ?

ಕಪ್ಪುಪರದೆ
ಮೊದ್ಲು ಏನೂ ಮುಟ್ಬೇಡ. ಆರ್‌ಕ್ಲೋನ್ ಡ್ರೈವಲ್ಲಿ ಡಿಲೀಟ್ ಮಾಡಿದ್ದು ಡೀಫಾಲ್ಟಾಗಿ ಟ್ರ್ಯಾಶ್‌ಗೇ ಹೋಗತ್ತೆ, 30 ದಿನ ಅಲ್ಲೇ ಬಿದ್ದಿರತ್ತೆ. ಬ್ರೌಸರಲ್ಲಿ ಹೋಗಿ ರಿಸ್ಟೋರ್ ಕೊಡು. ಟ್ರ್ಯಾಶ್ ಖಾಲಿ ಮಾಡಿಲ್ಲ ತಾನೇ?

ಆಗಿದ್ದು ಏನಂದ್ರೆ, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕನ್ನ ಯಾವ ಫೋಲ್ಡರಿಗೆ ಜೋಡಿಸ್ಬೇಕು ಅನ್ನೋ ಪಟ್ಟಿ) ಹಾಕಿರ್ತೀಯ, ಡಿಸ್ಕ್ ಇಲ್ದಿದ್ರೂ /ಎಂಎನ್‌ಟಿ/ಡಿಸ್ಕ್ ಅನ್ನೋ ಫೋಲ್ಡರ್ ಇದ್ದೇ ಇರತ್ತೆ, ಒಳಗೆ ಮಾತ್ರ ಏನೂ ಇರಲ್ಲ. ಫೋಲ್ಡರೇ ಇಲ್ದಿದ್ರೆ ಆರ್‌ಕ್ಲೋನ್ ಎರರ್ ಕೊಟ್ಟು ನಿಲ್ತಿತ್ತು. ಖಾಲಿ ಫೋಲ್ಡರ್ ಕಂಡ್ರೆ ಅದು ಏನು ತಿಳ್ಕೊಳ್ಳತ್ತೆ, ಓಹ್ ಮಾಲೀಕ್ರು ಎಲ್ಲ ಅಳಿಸಿದಾರೆ, ನಾನೂ ಅಳಿಸ್ತೀನಿ ಅಂತ. ಸ್ಕ್ರಿಪ್ಟಲ್ಲಿ ಸಿಂಕ್ ಮುಂಚೆ "ಮೌಂಟ್‌ಪಾಯಿಂಟ್ -ಕ್ಯೂ /ಎಂಎನ್‌ಟಿ/ಡಿಸ್ಕ್ &&" ಅಂತ ಸೇರಿಸು (ಕಮಾಂಡ್ ಇಂಗ್ಲಿಷಲ್ಲೇ ಹೊಡ್ಕೋ ಮಾರಾಯ, ನಾನು ಫೋನಲ್ಲಿ ಕನ್ನಡ ಕೀಬೋರ್ಡ್ ಬದಲಾಯ್ಸಕ್ಕೆ ಸೋಂಬೇರಿ). ಡಿಸ್ಕ್ ಇಲ್ಲ ಅಂದ್ರೆ ಮುಂದಕ್ಕೇ ಹೋಗಲ್ಲ. ಜೊತೆಗೆ "--ಮ್ಯಾಕ್ಸ್-ಡಿಲೀಟ್ 20" ಹಾಕು, 20 ದಾಟಿದ್ರೆ ಅಳಿಸೋದು ನಿಲ್ಲಿಸತ್ತೆ.

ಮಸಾಲೆಪುರಿ
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಒಂದು ಮಾತು ಬಿಟ್ರು. ಡಿಸ್ಕ್ ಚುಚ್ಚಿದ್ರೂ ನಿಮ್ಮ ತಂಗಿ ಟೈಪ್ ಮಾಡಿದ್ದು ಹೋಗೇ ಹೋಗ್ತಿತ್ತು! ಅವು ನಿಮ್ಮ ಡಿಸ್ಕಲ್ಲಿ ಇಲ್ವಲ್ಲ. ಸಿಂಕ್ ಅಂದ್ರೆ ಎರಡೂ ಕಡೆದನ್ನ ಕೂಡ್ಸೋದು ಅಂತ ಎಲ್ರೂ ತಿಳ್ಕೊಳ್ತಾರೆ, ಇಲ್ಲಿ ಹಾಗಲ್ಲ, ಕಮಾಂಡಲ್ಲಿ ಎಡಗಡೆ ಬರ್ದಿರೋ ಫೋಲ್ಡರ್ ಥರಾನೇ ಬಲಗಡೇದನ್ನ ಮಾಡೋದು, ಹೆಚ್ಚಿಗೆ ಇದ್ದಿದ್ದನ್ನ ಕಿತ್ತು ಬಿಸಾಕೋದು. ನಿಮಗೆ ಬೇಕಿರೋದು "ಆರ್‌ಕ್ಲೋನ್ ಕಾಪಿ", ಅದು ಆ ಕಡೆ ಏನನ್ನೂ ಅಳಿಸಲ್ಲ. ತಂಗಿ ಫೈಲು ಈ ಕಡೆ ಬೇಕು ಅಂದ್ರೆ ಎಡ ಬಲ ಅದಲು ಬದಲು ಮಾಡಿ ಇನ್ನೊಂದ್ಸಲ ಕಾಪಿ. ಬೈಸಿಂಕ್ ಅಂತ ಎರಡೂ ಕಡೆದು ಒಂದಿದೆ, ಈಗ್ಲೇ ಅದ್ರ ತಂಟೆಗೆ ಹೋಗ್ಬೇಡಿ. ಯಾವ್ದೇ ಹೊಡೀರಿ, ಮೊದ್ಲು "--ಡ್ರೈ-ರನ್", ನಿಜವಾಗಿ ಏನೂ ಮಾಡ್ದೆ ಏನೇನು ಅಳಿಸ್ತೀನಿ ಅಂತ ಒಂದೊಂದಾಗಿ ಹೇಳತ್ತೆ.

ಕಪ್ಪುಪರದೆ
@ಮಸಾಲೆಪುರಿ ಅರೆ ಹೌದು, ತಂಗಿ ವಿಷಯ ನಾನು ಓದ್ಲೇ ಇಲ್ಲ. ಕಾಪಿನೇ ಸರಿ.

ಮೌಂಟ್ ಪ್ರಶ್ನೆಗೆ: ಅದು ಟರ್ಮಿನಲಲ್ಲಿ ಓಡ್ತಿರೋ ಪ್ರೋಗ್ರಾಂ, ಟರ್ಮಿನಲ್ ಸತ್ರೆ ಅದೂ ಸಾಯತ್ತೆ. ಕೊನೆಗೆ "--ಡೀಮನ್" ಹಾಕಿದ್ರೆ ಹಿಂದೆ ಓಡತ್ತೆ, ಲಾಗಿನ್ ಆದಾಗೆಲ್ಲ ತಾನೇ ಬರ್ಬೇಕು ಅಂದ್ರೆ ಸಿಸ್ಟಮ್‌ಡಿ (ಲಿನಕ್ಸಲ್ಲಿ ಪ್ರೋಗ್ರಾಂಗಳನ್ನ ತಾನೇ ಶುರು ಮಾಡೋದು) ಯೂಸರ್ ಸರ್ವಿಸ್ ಬರಿ. ಸೇವ್ ಆಗ್ದೇ ಇರೋದಕ್ಕೆ "--ವಿಎಫ್‌ಎಸ್-ಕ್ಯಾಶ್-ಮೋಡ್ ಫುಲ್". ಡೀಫಾಲ್ಟಲ್ಲಿ ಇದು ಆಫ್ ಇರತ್ತೆ, ಒಂದೇ ಫೈಲನ್ನ ಓದ್ತಾ ಬರೀತಾ ಇರೋ ಸಾಫ್ಟ್‌ವೇರೆಲ್ಲ ಆಗ ಮುಗ್ಗರಿಸತ್ತೆ. ಕ್ಯಾಶ್ (ಫೈಲಿನ ತಾತ್ಕಾಲಿಕ ಕಾಪಿ) ನಿನ್ನ ಹೋಮ್‌ನಲ್ಲೇ ಜಾಗ ತಿನ್ನತ್ತೆ, ಸೈಜಿಗೆ ಮಿತಿ ನೀನೇ ಹಾಕ್ಬೇಕು, "--ವಿಎಫ್‌ಎಸ್-ಕ್ಯಾಶ್-ಮ್ಯಾಕ್ಸ್-ಸೈಜ್ 5ಜಿ" ಸಾಕು. ನಿಮ್ಮ ಕಡೆ ಮಳೆಗಾಲದ ಕರೆಂಟು ಗೊತ್ತಲ್ಲ, ಅಪ್‌ಲೋಡ್ ಆಗೋ ಮೊದ್ಲೇ ಹೋದ್ರೂ ಕ್ಯಾಶಲ್ಲಿ ಇರತ್ತೆ, ಮುಂದಿನ್ಸಲ ಅದೇ ಆಪ್ಷನ್‌ಗಳಲ್ಲಿ ಮೌಂಟ್ ಮಾಡಿದ್ರೆ ಉಳ್ದಿದ್ದು ಏರತ್ತೆ. ಮೌಂಟ್ ಬಿಚ್ಚೋಕೆ "ಫ್ಯೂಸರ್‌ಮೌಂಟ್ -ಯು", ಕಿಲ್ ಗಿಲ್ ಮಾಡ್ಬೇಡ.

ಅಡಿಕೆತೋಟ
ಬಂತು!! ಟ್ರ್ಯಾಶಲ್ಲಿ ಎಲ್ಲ ಇತ್ತು, ತಂಗಿದೂ ಸೇರಿ. ಬೇಕಂತ್ಲೇ ವೈರ್ ಕಿತ್ತು ಸ್ಕ್ರಿಪ್ಟ್ ಓಡಿಸಿ ನೋಡ್ದೆ, ಉಸಿರೆತ್ತದೆ ವಾಪಸ್ ಬಂತು. ಒಂದೇ ತಕರಾರು, ಫೋಲ್ಡರಲ್ಲಿ ಕರ್ಣಾರ್ಜುನ_012 ಅಂತ ಒಂದೇ ಹೆಸರಲ್ಲಿ ಎರಡೆರಡು ಫೈಲು ಕಾಣ್ತಿದೆ, ಹೀಗೆ ಸುಮಾರಿದೆ. ಒಂದೇ ಹೆಸರು ಎರಡು ಸಲ ಹೆಂಗ್ ಸಾಧ್ಯ?

ಮಸಾಲೆಪುರಿ
ಗಾಬರಿಲಿ ಅರ್ಧ ಏರಿಸಿದ್ರಲ್ಲ, ಅದು ಒಂದು, ಟ್ರ್ಯಾಶಿಂದ ಬಂದಿದ್ದು ಇನ್ನೊಂದು. ಡ್ರೈವಲ್ಲಿ ಒಂದೇ ಹೆಸರಿನ ಫೈಲು ಎಷ್ಟು ಬೇಕಾದ್ರೂ ಇರ್ಬೋದು, ನಮ್ಮ ಡಿಸ್ಕ್ ಥರ ಅಲ್ಲ. "ಆರ್‌ಕ್ಲೋನ್ ಡೀಡೂಪ್ ಜಿಡ್ರೈವ್:ಅರ್ಥ" ಹೊಡೀರಿ, ಒಳಗಿರೋದೂ ಒಂದೇ ಆಗಿದ್ರೆ ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ತೆಗೆಯತ್ತೆ, ಬೇರೆ ಬೇರೆ ಇದ್ರೆ ನಿಮ್ಮನ್ನೇ ಕೇಳತ್ತೆ. ಡ್ರೈ ರನ್ ಮರೀಬೇಡಿ ಈ ಸಲನಾದ್ರೂ 😄

ಅಡಿಕೆತೋಟ
ಡ್ರೈ ರನ್ ಹಾಕಿ ಚಾ ಕುಡೀತಾ ಓದ್ತಾ ಕೂತಿದೀನಿ. ತಂಗಿಗೆ ಹೇಳ್ಲೋ ಬೇಡ್ವೋ?